ಆಟ ಮೂರು ತಾಸು, ಕಾವಲು ಇಡೀ ದಿನ

ಮೇ ತಿಂಗಳ ರಾತ್ರಿ. ಶಹಾಪುರದ ಓಣಿಯೊಂದರಲ್ಲಿ ಮನೆಮಂದಿಯೆಲ್ಲ ಮಾಳಿಗೆ ಹತ್ತಿ ಹಾಸಿಗೆ ಬಿಚ್ಚಿದ್ದಾರೆ. ಹಗಲೆಲ್ಲ ಕಾದ ಕಲ್ಲು ಇನ್ನೂ ಝಳ ಬಿಡುತ್ತಿದೆ. ಕೆಳಗೆ, ಕಿಟಕಿ ಮುಚ್ಚಿದ ಕೋಣೆಯಲ್ಲಿ, ಕಾಲೇಜಿಗೆ ಹೋಗುವ ಹುಡುಗನೊಬ್ಬ ಕಂಪ್ಯೂಟರಿನ ಮುಂದೆ ಕೂತು ಆಡುತ್ತಿದ್ದಾನೆ. ಪೆಟ್ಟಿಗೆಯ ಹಿಂದಿನಿಂದ ಬರುವ ಗಾಳಿಗೆ ಗೋಡೆಯೇ ಬೆಚ್ಚಗಾಗಿದೆ.

ಅದೇ ಪೆಟ್ಟಿಗೆಯಲ್ಲಿ ಅಕ್ಕನ ಮದುವೆಯ ವಿಡಿಯೊ ಇದೆ. ಸಂಕ್ರಾಂತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಯಲ್ಲಿ ತೆಗೆದ ಫೋಟೊಗಳಿವೆ. ಹೊಲದ ಪಹಣಿಯ ಸ್ಕ್ಯಾನ್ ಇದೆ. ತೀರಿಹೋದ ಅಜ್ಜ ತಂಬೂರಿ ಹಿಡಿದು ಹಾಡಿದ ತತ್ವಪದಗಳ ಧ್ವನಿಯೂ ಇದೆ. ಹತ್ತೂವರೆಗೆ ಕರೆಂಟ್ ಹೋಗುತ್ತದೆ. ‘ಲೈಟ್ ಹೋತೇನೋ ತಮ್ಮಾ?’ ಎಂದು ಮಾಳಿಗೆಯಿಂದ ಅವ್ವ ಕೂಗುತ್ತಾಳೆ. ಹುಡುಗನಿಗೆ ಆಟ ಕೈತಪ್ಪಿದ ಸಂಕಟ. ಅಜ್ಜನ ದನಿ ಇದ್ದ ಡಿಸ್ಕು ಆ ಗಳಿಗೆಯಲ್ಲಿ ಏನು ಬರೆಯುತ್ತಿತ್ತು, ಎಲ್ಲಿ ನಿಂತಿತು ಎಂಬುದು ಅವನಿಗೆ ಹೊಳೆಯುವುದು ಬೆಳಿಗ್ಗೆ, ಕಂಪ್ಯೂಟರ್ ಮತ್ತೆ ಚಾಲೂ ಆಗದಿದ್ದಾಗ.

ಆಟಕ್ಕೂ ಮನೆಯ ದಾಖಲೆಗೂ ಒಂದೇ ಯಂತ್ರ ಕೊಳ್ಳಬೇಕೆನ್ನುವವರು ಈಗ ಬೆಂಗಳೂರಿನಲ್ಲಷ್ಟೇ ಇಲ್ಲ. ಯಾದಗಿರಿ, ಶಹಾಪುರ, ಸುರಪುರದಂಥ ಊರುಗಳಲ್ಲೂ ಮನೆಗೆ ಫೈಬರ್ ಬಂದಿದೆ, ಹಳೆಯ ಕಂಪ್ಯೂಟರ್ ಸುಲಭವಾಗಿ ಸಿಗುತ್ತದೆ, ಹುಡುಗರಿಗೆ ಕುತೂಹಲವಿದೆ. ಆದರೆ ಯೂಟ್ಯೂಬಿನಲ್ಲಿ ಸಿಗುವ ಸಲಹೆಗಳು ತಂಪು ದೇಶದವು. ಸದಾ ಕರೆಂಟಿರುವ ಊರಿನವು. ನಮ್ಮ ನೆಲದಲ್ಲಿ ಆಯ್ಕೆಯ ಲೆಕ್ಕವೇ ಬೇರೆ.

ಮನೆಯೊಳಗಿನ ಹಗೇವು

ಸರ್ವರ್ ಎಂದರೆ ಎಂಥದೋ ದೊಡ್ಡ ಯಂತ್ರವೆಂಬ ಅಳುಕು ಬೇಡ. ಮನೆಯ ಎಲ್ಲ ಫೋನು, ಟಿವಿ, ಲ್ಯಾಪ್‌ಟಾಪುಗಳಿಗೆ ಬೇಕಾದ ಕಡತ, ಹಾಡು, ವಿಡಿಯೊಗಳನ್ನು ಒಂದೆಡೆ ಇಟ್ಟುಕೊಂಡು, ಕೇಳಿದಾಗ ಕೊಡುತ್ತ ಸದಾ ಎಚ್ಚರವಿರುವ ಕಂಪ್ಯೂಟರ್ ಅದು. ಜೋಳ ತುಂಬಿಡುತ್ತಿದ್ದ ಹಗೇವನ್ನು ನೆನೆದರೆ ಅರ್ಧ ಅರ್ಥವಾದಂತೆ. ವರ್ಷದ ಕಾಳು ಅಂಗಡಿಯವನ ಕೈಯಲ್ಲಿರದೆ ನಮ್ಮದೇ ನೆಲದಡಿ ಇರುತ್ತಿತ್ತು.

ಬಾಡಿಗೆ ಉಗ್ರಾಣ ಯಾರಿಗೂ ಶಾಶ್ವತವಲ್ಲ. ಫೋಟೊಗಳನ್ನು ಮಿತಿಯಿಲ್ಲದೆ ಪುಕ್ಕಟೆ ಇಟ್ಟುಕೊಳ್ಳುತ್ತಿದ್ದ ಗೂಗಲ್ ಫೋಟೋಸ್ 2021ರ ಜೂನ್ 1ರಿಂದ ಆ ಸೌಲಭ್ಯ ನಿಲ್ಲಿಸಿತು. ಈಗ 15 ಜಿಬಿ ತುಂಬಿದ ಮೇಲೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕು. ಮದುವೆ ಸೀಸನ್ನಿನಲ್ಲಿ ವಾರಕ್ಕೆ ಮೂರು ಮದುವೆ ಚಿತ್ರೀಕರಿಸುವ ಸ್ಟುಡಿಯೊದವರಿಗೆ ಅಷ್ಟು ಜಾಗ ಒಂದು ಮುಹೂರ್ತಕ್ಕೂ ಸಾಲದು.

ಮನೆಯಲ್ಲೇ ಇಡಲು ಬೇಕಾದ ತಂತ್ರಾಂಶಗಳು ಉಚಿತವಾಗಿವೆ. ಸಿನಿಮಾ, ಹಾಡುಗಳಿಗೆ ಜೆಲ್ಲಿಫಿನ್, ಫೋಟೊಗಳಿಗೆ ಇಮಿಚ್, ಕಡತಗಳಿಗೆ ನೆಕ್ಸ್ಟ್‌ಕ್ಲೌಡ್. ಇವು ಕೇಳುವ ಶಕ್ತಿ ತೀರಾ ಕಡಿಮೆ. ಆಟವಾದರೆ ರಾಕ್ಷಸ ಹಸಿವಿನದು, ಹೊಟ್ಟೆ ತುಂಬ ಉಂಡು ನಾಲ್ಕಾರು ತಾಸು ಕುಣಿದು ಮಲಗಿಬಿಡುತ್ತದೆ. ಸರ್ವರ್ ಕಾವಲುಗಾರನಂತೆ: ತಿನ್ನುವುದು ಕಡಿಮೆ, ಮಲಗುವಂತಿಲ್ಲ. ಇಬ್ಬರನ್ನೂ ಒಂದೇ ಮೈಯಲ್ಲಿ ತುಂಬಹೊರಟರೆ ಎಡವುವುದು ಇಲ್ಲೇ. ಅಂಗಡಿಗೆ ಹೋದವರು ‘ಆಡುವಾಗ ಎಷ್ಟು ಜೋರು?’ ಎಂದು ಕೇಳುತ್ತಾರೆ. ಮೊದಲು ಕೇಳಬೇಕಾದ್ದು, ‘ಸುಮ್ಮನಿರುವಾಗ ಎಷ್ಟು ಕರೆಂಟ್ ತಿನ್ನುತ್ತದೆ?’

ಗೃಹಜ್ಯೋತಿಯ ಗೆರೆ

ಲೆಕ್ಕ ಹಾಕೋಣ. ದಿನವಿಡೀ ಉರಿಯುವ ಒಂದು ವಾಟ್, 30 ದಿನಗಳಲ್ಲಿ 0.72 ಯೂನಿಟ್. ದೊಡ್ಡ ಗ್ರಾಫಿಕ್ಸ್ ಕಾರ್ಡ್, ಮೂರ್ನಾಲ್ಕು ಹಾರ್ಡ್ ಡಿಸ್ಕ್ ಇರುವ ಗೇಮಿಂಗ್ ಕಂಪ್ಯೂಟರ್ ಏನೂ ಮಾಡದೆ ಕೂತಾಗಲೂ 70 ವಾಟ್ ಎಳೆಯಬಹುದು. ದಿನಕ್ಕೆ ಮೂರು ತಾಸು 300 ವಾಟ್‌ನಲ್ಲಿ ಆಡಿದರೆ ತಿಂಗಳಿಗೆ 27 ಯೂನಿಟ್. ಉಳಿದ 21 ತಾಸು ಸುಮ್ಮನೆ ಕೂತದ್ದಕ್ಕೆ 44 ಯೂನಿಟ್. ಆಟಕ್ಕಿಂತ ಕಾವಲೇ ತುಟ್ಟಿ.

ಕರ್ನಾಟಕದಲ್ಲಿ ಈ ಅಂಕಿಗೆ ಇನ್ನೊಂದು ತೂಕವಿದೆ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯನ್ನು ಹಲವರು ‘200 ಯೂನಿಟ್ ಪುಕ್ಕಟೆ’ ಎಂದಷ್ಟೇ ತಿಳಿದಿದ್ದಾರೆ. ನಿಯಮ ಹಾಗಿಲ್ಲ. 2022–23ರಲ್ಲಿ ಮನೆಯ ಸರಾಸರಿ ಬಳಕೆ ಎಷ್ಟಿತ್ತೋ ಅದಕ್ಕೆ ಆಗ ಶೇ 10 ಸೇರಿಸಿ ಪ್ರತಿ ಮನೆಗೂ ಒಂದು ಮಿತಿ ಕಟ್ಟಿದರು. ಆ ಮಿತಿ ದಾಟಿದರೆ ಹೆಚ್ಚುವರಿ ಯೂನಿಟ್‌ಗೆ ಹಣ ಕಟ್ಟಬೇಕು. 200 ದಾಟಿದರೆ ಇಡೀ ಬಿಲ್ಲೇ ನಮ್ಮ ತಲೆಗೆ. ಹಿಂದಿನ ಬಳಕೆಯ ಲೆಕ್ಕವಿಲ್ಲದ ಹೊಸ ಮನೆಗಳಿಗೆ ಗೊತ್ತುಮಾಡಿದ ಮಿತಿ 58 ಯೂನಿಟ್.

ಅಂಥ ಮನೆಯಲ್ಲಿ 70 ವಾಟಿನ ಪೆಟ್ಟಿಗೆ ಹಗಲಿರುಳು ಉರಿದರೆ, ಆಡದಿದ್ದರೂ ತಿಂಗಳಿಗೆ 50 ಯೂನಿಟ್. ಫ್ಯಾನು, ದೀಪ, ಮಿಕ್ಸಿಗೆ ಉಳಿಯುವುದು ಎಂಟು. ಯೂನಿಟ್‌ಗೆ ಸುಮಾರು ಆರು ರೂಪಾಯಿ ಹಿಡಿದರೂ ವರ್ಷಕ್ಕೆ 3,600 ರೂಪಾಯಿಯ ಮಾತು. 15 ವಾಟಿನ ಪುಟ್ಟ ಯಂತ್ರವಾದರೆ ತಿಂಗಳಿಗೆ 11 ಯೂನಿಟ್ ದಾಟದು. ನಾಲ್ಕೈದು ವರ್ಷ ಬಾಳುವ ಯಂತ್ರದ ನಿಜವಾದ ಬೆಲೆಯಲ್ಲಿ ಅರ್ಧ ಅಂಗಡಿಯ ಬಿಲ್ಲಿನಲ್ಲಿರುತ್ತದೆ, ಇನ್ನರ್ಧ ಜೆಸ್ಕಾಂ ಬಿಲ್ಲಿನಲ್ಲಿ ಬರುತ್ತದೆ.

ಒಂದು ಪೆಟ್ಟಿಗೆಯೊ, ಎರಡೊ?

ಹಾಗಾಗಿ ನನ್ನ ಸಲಹೆ ನೇರ: ಸಾಧ್ಯವಿದ್ದವರು ಎರಡು ಯಂತ್ರ ಇಡಲಿ. ಸದಾ ಎಚ್ಚರವಿರುವ ಸಣ್ಣದೊಂದು. ಆಡುವಾಗ ಮಾತ್ರ ಏಳುವ ದೊಡ್ಡದೊಂದು. ಎರಡು ಎಂದಾಕ್ಷಣ ಖರ್ಚು ಇಮ್ಮಡಿಯಾಗುವುದಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೊಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ಇಂಟೆಲ್‌ನ ಆರನೇ, ಏಳನೇ ತಲೆಮಾರಿನ ಬಹುತೇಕ ಪ್ರೊಸೆಸರುಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಕಚೇರಿಗಳು ಅಂಥ ಕಂಪ್ಯೂಟರುಗಳನ್ನು ಕೈಬಿಡುತ್ತಿವೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೂ ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲೂ ಇವಕ್ಕೆ ದೊಡ್ಡ ಮಾರುಕಟ್ಟೆಯಿದೆ. ಯಾದಗಿರಿಯವರಿಗೆ ಸಿಕಂದರಾಬಾದೇ ಹತ್ತಿರ. ಲಿನಕ್ಸ್ ಹಾಕಿದರೆ ಇವು ಮನೆ ಸರ್ವರಿಗೆ ಧಾರಾಳ ಸಾಕು. ಅಂಗೈಯಗಲದ ‘ಮಿನಿ’ ಮಾದರಿ ನೋಡಲು ಚೆಂದ, ಆದರೆ ಅದರಲ್ಲಿ ದೊಡ್ಡ ಹಾರ್ಡ್ ಡಿಸ್ಕ್ ಕೂರುವುದಿಲ್ಲ. ಅದಕ್ಕಿಂತ ಒಂದಳತೆ ದೊಡ್ಡದಾದ, ಒಂದೆರಡು 3.5 ಇಂಚಿನ ಡಿಸ್ಕ್ ಹಿಡಿಸುವ ಮಾದರಿ ಕೇಳಿ ತನ್ನಿ. ಹೊಸದೇ ಬೇಕೆಂದರೆ 2023ರಲ್ಲಿ ಬಂದ ಇಂಟೆಲ್ ಎನ್100 ಚಿಪ್ಪಿನ ಪುಟಾಣಿಗಳಿವೆ. ಆ ಚಿಪ್ಪಿಗೆ ನಿಗದಿಯಾದ ಶಕ್ತಿ ಆರೇ ವಾಟ್.

ದೊಡ್ಡ ಯಂತ್ರ ಮಲಗಿದ್ದರೂ ಫೋನಿನಿಂದಲೇ ಎಬ್ಬಿಸಬಹುದು. ‘ವೇಕ್ ಆನ್ ಲ್ಯಾನ್’ ಎಂಬ ಸೌಲಭ್ಯ ಬಹುತೇಕ ಎಲ್ಲ ಮದರ್‌ಬೋರ್ಡುಗಳಲ್ಲಿದೆ. ಕೇಬಲ್ಲಿನ ಮೂಲಕ ಸಣ್ಣದೊಂದು ಸಂದೇಶ ಬಂದರೆ ಕಂಪ್ಯೂಟರ್ ತಾನೇ ಚಾಲೂ ಆಗುತ್ತದೆ. ಆಟದ ಕೋಣೆ ಬಿಸಿಯೆನಿಸಿದರೆ, ಸನ್‌ಶೈನ್ ಮತ್ತು ಮೂನ್‌ಲೈಟ್ ಎಂಬ ಜೋಡಿ ತಂತ್ರಾಂಶದಿಂದ ಪಡಸಾಲೆಯ ಟಿವಿಯಲ್ಲಿ ಕೂತು ಆಡಬಹುದು. ಯಂತ್ರ ಒಳಗೆ ದುಡಿಯುತ್ತಿರುತ್ತದೆ, ಚಿತ್ರ ಮಾತ್ರ ಇತ್ತ ಬರುತ್ತದೆ.

ಒಂದೇ ಸಾಕೆನ್ನುವವರಿಗೆ

ಜಾಗವಿಲ್ಲ, ಹಣವಿಲ್ಲ, ಅಥವಾ ಒಂದರಲ್ಲೇ ಎಲ್ಲ ಮಾಡುವ ಛಲವಿದೆ. ಅದೂ ಸರಿಯೇ. ಅದಕ್ಕೆ ದಾರಿಗಳಿವೆ.

ಹೆಚ್ಚು ಹೆಸರಾದದ್ದು ವರ್ಚುವಲ್ ಯಂತ್ರದ ದಾರಿ. ಪ್ರಾಕ್ಸ್‌ಮಾಕ್ಸ್‌ನಂಥ ತಂತ್ರಾಂಶ ಒಂದೇ ಕಂಪ್ಯೂಟರನ್ನು ಹಲವು ಕೋಣೆಗಳಾಗಿ ಒಡೆಯುತ್ತದೆ. ಒಂದರಲ್ಲಿ ಸರ್ವರ್, ಇನ್ನೊಂದರಲ್ಲಿ ಆಟಕ್ಕೆಂದು ವಿಂಡೋಸ್. ಗ್ರಾಫಿಕ್ಸ್ ಕಾರ್ಡನ್ನು ಪೂರ್ತಿಯಾಗಿ ವಿಂಡೋಸಿನ ಕೋಣೆಗೆ ಬಿಟ್ಟುಕೊಡುತ್ತಾರೆ. ಒಂದು ಕಾಲದಲ್ಲಿ ಎನ್‌ವಿಡಿಯಾದ ಜಿಫೋರ್ಸ್ ಕಾರ್ಡುಗಳು ಇದಕ್ಕೆ ಒಪ್ಪದೆ ‘ಕೋಡ್ 43’ ಎಂದು ಮುಷ್ಕರ ಹೂಡುತ್ತಿದ್ದವು. 2021ರಲ್ಲಿ ಕಂಪನಿಯೇ ಆ ಬೀಗ ತೆಗೆಯಿತು. ಎರಡು ತೊಡಕು ಈಗಲೂ ಇವೆ. ವ್ಯಾಲರಂಟ್‌ನಂಥ ಆಟಗಳ ಮೋಸ ತಡೆಯುವ ಕಾವಲು ತಂತ್ರಾಂಶ ವರ್ಚುವಲ್ ಯಂತ್ರದೊಳಗೆ ಆಡಗೊಡುವುದಿಲ್ಲ. ಇನ್ನೊಂದು ಹೊರಗೆ ಕಾಣದ್ದು: ವಿಂಡೋಸ್ ಕೋಣೆ ಮುಚ್ಚಿದಾಗ ಕಾರ್ಡನ್ನು ಸಂಭಾಳಿಸುವ ಡ್ರೈವರ್ ಇರುವುದಿಲ್ಲ, ಆಗ ಕೆಲವು ಕಾರ್ಡುಗಳು ನಿದ್ದೆಗೆ ಜಾರದೆ ಹೆಚ್ಚು ಕರೆಂಟ್ ಎಳೆಯುತ್ತಲೇ ಇರುತ್ತವೆ. ಉಳಿತಾಯವಾಯಿತೆಂದು ನಾವು ತಿಳಿದ ಹೊತ್ತಲ್ಲೇ ಮೀಟರ್ ಓಡುತ್ತಿರುತ್ತದೆ.

ಸರಳ ದಾರಿಯೂ ಇದೆ. ಲಿನಕ್ಸನ್ನೇ ನೇರವಾಗಿ ಹಾಕಿ, ಸರ್ವರ್ ಕೆಲಸಗಳನ್ನು ಹಿನ್ನೆಲೆಯಲ್ಲಿ ಓಡಿಸಿ, ಆಟಗಳನ್ನು ಸ್ಟೀಮ್ ಮೂಲಕ ಆಡುವುದು. 2018ರಲ್ಲಿ ವಾಲ್ವ್ ಕಂಪನಿ ತಂದ ಪ್ರೋಟಾನ್ ಬಂದ ಮೇಲೆ ವಿಂಡೋಸಿಗೆಂದೇ ಬರೆದ ಸಾವಿರಾರು ಆಟಗಳು ಲಿನಕ್ಸಿನಲ್ಲಿ ನಡೆಯುತ್ತಿವೆ. ವ್ಯಾಲರಂಟ್ ಇಲ್ಲಿಯೂ ಇಲ್ಲ. ಮನೆಯ ಹುಡುಗ ಯಾವ ಆಟ ಆಡುತ್ತಾನೆಂದು ಮೊದಲು ಕೇಳಿ ಆಮೇಲೆ ದಾರಿ ಹಿಡಿಯುವುದು ಒಳಿತು.

ಬಿಡಿಭಾಗದ ಆಯ್ಕೆ

ಪ್ರೊಸೆಸರ್ ಕೊಳ್ಳುವಾಗ ಹೆಸರಿನ ಕೊನೆಯ ಅಕ್ಷರ ಓದಿ. ಇಂಟೆಲ್ ಐ5-12400ರಲ್ಲಿ ಒಳಗೇ ಸಣ್ಣ ಗ್ರಾಫಿಕ್ಸ್ ಇದೆ. ‘ಎಫ್’ ಅಂಟಿಸಿಕೊಂಡ 12400ಎಫ್‌ನಲ್ಲಿ ಇಲ್ಲ. ಕೆಲವು ನೂರು, ಸಾವಿರ ರೂಪಾಯಿ ಉಳಿಸಲು ಅಂಗಡಿಯವರು ಎಫ್ ಮಾದರಿಯನ್ನೇ ಕಟ್ಟಿಕೊಡುತ್ತಾರೆ. ಬರೀ ಆಟಕ್ಕಾದರೆ ಅಡ್ಡಿಯಿಲ್ಲ. ಸರ್ವರಿಗೆ ಆ ಒಳಗ್ರಾಫಿಕ್ಸೇ ಜೀವಾಳ. ಟಿವಿಗೆ, ಫೋನಿಗೆ ಹೊಂದುವಂತೆ ವಿಡಿಯೊ ಮಾರ್ಪಡಿಸುವ ಕೆಲಸವನ್ನು ಅದು ಅತಿ ಕಡಿಮೆ ಶಕ್ತಿಯಲ್ಲಿ ಮಾಡುತ್ತದೆ. ದೊಡ್ಡ ಕಾರ್ಡನ್ನು ವಿಂಡೋಸಿಗೆ ಬಿಟ್ಟುಕೊಟ್ಟಾಗ ಮನೆಯೊಡೆಯನ, ಅಂದರೆ ಕೋಣೆಗಳನ್ನು ಒಡೆದ ಮೂಲ ತಂತ್ರಾಂಶದ, ಪರದೆಗೆ ಆಧಾರವೂ ಅದೇ.

ಎಎಂಡಿಯ 5000 ಸರಣಿಯಲ್ಲಿ ಇದು ತಿರುವುಮುರುವು. ರೈಜನ್ 5 5600ರಲ್ಲಿ ಗ್ರಾಫಿಕ್ಸ್ ಇಲ್ಲ, ‘ಜಿ’ ಇರುವ 5600ಜಿಯಲ್ಲಿ ಇದೆ. ಒಂದೇ ತುಂಡು ಸಿಲಿಕಾನಿನಲ್ಲಿ ಮಾಡಿದ ಈ ಜಿ ಮಾದರಿಗಳು, ಎರಡು ಮೂರು ತುಂಡು ಜೋಡಿಸಿ ಮಾಡಿದ ಅಣ್ಣತಮ್ಮಂದಿರಿಗಿಂತ ಸುಮ್ಮನಿರುವಾಗ ಕಡಿಮೆ ಕರೆಂಟ್ ತಿನ್ನುತ್ತವೆ.

ಗ್ರಾಫಿಕ್ಸ್ ಕಾರ್ಡಿನಲ್ಲಿ ವಾಟ್ ನೋಡಿ. ಆರ್‌ಟಿಎಕ್ಸ್ 3060ಕ್ಕೆ 170 ವಾಟ್, ಅದರ ನಂತರ ಬಂದ 4060ಕ್ಕೆ 115. ಸೆಕೆಂಡ್ ಹ್ಯಾಂಡ್ ಸಿಗುವ ಆರ್‌ಎಕ್ಸ್ 6600ಕ್ಕೆ 132. ಅನೇಕ ಕಾರ್ಡುಗಳಲ್ಲಿ ಶಕ್ತಿಯ ಮಿತಿಯನ್ನು ತಂತ್ರಾಂಶದಿಂದ ನಾಲ್ಕಾಣೆ ಇಳಿಸಿದರೆ ಆಟದ ವೇಗ ಅಷ್ಟೇನೂ ಕುಗ್ಗುವುದಿಲ್ಲ. ಕೋಣೆಯ ಸೆಕೆ ಮಾತ್ರ ಕುಗ್ಗುತ್ತದೆ.

ಎಸ್‌ಎಂಪಿಎಸ್‌ಗೆ, ಅಂದರೆ ಪವರ್ ಸಪ್ಲೈಗೆ, ಒಂದು ಮಾತು. ‘ಇರಲಿ, ಮುಂದಕ್ಕಾದೀತು’ ಎಂದು 850 ವಾಟಿನದನ್ನು ಕೊಳ್ಳುವ ರೂಢಿಯಿದೆ. 50 ವಾಟ್ ಎಳೆಯುವ ಹೊತ್ತಿನಲ್ಲಿ ದೊಡ್ಡ ಎಸ್‌ಎಂಪಿಎಸ್ ದಕ್ಷವಾಗಿ ಕೆಲಸ ಮಾಡದು. ‘80 ಪ್ಲಸ್’ ಮುದ್ರೆಯ ಸಾಮಾನ್ಯ ದರ್ಜೆಗಳ ಪರೀಕ್ಷೆ ನಡೆಯುವುದೇ ಶೇ 20ರ ಹೊರೆಯಿಂದ ಮೇಲಕ್ಕೆ. 450–550 ವಾಟಿನ ಒಳ್ಳೆಯದೊಂದು ಇಂಥ ಯಂತ್ರಕ್ಕೆ ಸಾಕು. ಹಾಗೆಯೇ, ಯಾರೋ ಅಗ್ಗಕ್ಕೆ ಕೊಡುವ ಹಳೆಯ ಡೇಟಾ ಸೆಂಟರ್ ಸರ್ವರುಗಳ ಆಸೆಗೆ ಬೀಳಬೇಡಿ. ಅವು ಸುಮ್ಮನಿದ್ದಾಗಲೇ ನೂರು ವಾಟ್ ದಾಟಬಲ್ಲವು, ಅವುಗಳ ಫ್ಯಾನಿನ ಸದ್ದಿಗೆ ಓಣಿಯೇ ಏಳುತ್ತದೆ.

ರ್ಯಾಮ್ 16 ಜಿಬಿ ಇದ್ದರೆ ನಡೆದೀತು, ವರ್ಚುವಲ್ ಯಂತ್ರಕ್ಕೆ 32 ಬೇಕು. 2025ರ ಕೊನೆಯಲ್ಲಿ ಕೃತಕ ಬುದ್ಧಿಮತ್ತೆಯ ಕೇಂದ್ರಗಳ ಬೇಡಿಕೆಯಿಂದ ರ್ಯಾಮ್ ಬೆಲೆ ವಿಪರೀತ ಏರಿತು. ರ್ಯಾಮ್ ಸಮೇತ ಸಿಗುವ ಹಳೆಯ ಕಚೇರಿ ಕಂಪ್ಯೂಟರಿನ ಪರವಾಗಿ ಇದೂ ಒಂದು ಕಾರಣ.

ಅಜ್ಜನ ದನಿ ಎಲ್ಲಿಡಬೇಕು

ಆಟವನ್ನು ಮತ್ತೆ ಡೌನ್‌ಲೋಡ್ ಮಾಡಬಹುದು. ಅಜ್ಜನ ದನಿಯನ್ನು ಮಾಡಲಾಗದು. ಇದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಡಿಸ್ಕಿನ ಆಯ್ಕೆ ತಾನಾಗಿ ಬಗೆಹರಿಯುತ್ತದೆ. ಆಟಕ್ಕೆ ವೇಗದ ಎಸ್‌ಎಸ್‌ಡಿ ಒಂದು. ಅದಕ್ಕೆ ನಕಲು ಬೇಡ. ದಾಖಲೆಗಳಿಗೆ ಬೇರೆಯದೇ ಹಾರ್ಡ್ ಡಿಸ್ಕ್, ಅದೂ ಜೋಡಿಯಾಗಿ.

ಹಾರ್ಡ್ ಡಿಸ್ಕಿನಲ್ಲಿ ಎರಡು ಬಗೆ. ಒಂದರಲ್ಲಿ ದತ್ತಾಂಶದ ಸಾಲುಗಳು ಉತ್ತ ಹೊಲದ ಸಾಲಿನಂತೆ ಪಕ್ಕಪಕ್ಕಕ್ಕೆ ಇರುತ್ತವೆ, ಇದು ಸಿಎಂಆರ್. ಇನ್ನೊಂದರಲ್ಲಿ ಮನೆಯ ಹಂಚಿನಂತೆ ಒಂದರ ಅಂಚು ಇನ್ನೊಂದರ ಮೇಲೆ ಕೂತಿರುತ್ತದೆ, ಇದು ಎಸ್‌ಎಂಆರ್. ನಡುವಿನ ಹಂಚು ಬದಲಿಸಲು ಸುತ್ತಲಿನವನ್ನೂ ಕೀಳಬೇಕಾದಂತೆ, ಎಸ್‌ಎಂಆರ್‌ನಲ್ಲಿ ಹಳೆಯದನ್ನು ತಿದ್ದಿ ಬರೆಯುವುದು ನಿಧಾನ. ಜೋಡಿ ಡಿಸ್ಕಿನಲ್ಲಿ ಒಂದು ಸತ್ತು ಹೊಸದಕ್ಕೆ ಎಲ್ಲವನ್ನೂ ತುಂಬಿಸುವಾಗ ಈ ನಿಧಾನ ಅಪಾಯಕ್ಕೆ ತಿರುಗಬಹುದು. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ಕಂಪನಿ, ಸರ್ವರಿಗೆಂದೇ ಮಾರುತ್ತಿದ್ದ ತನ್ನ ಕೆಲವು ‘ರೆಡ್’ ಡಿಸ್ಕುಗಳು ಎಸ್‌ಎಂಆರ್ ಎಂದು ಒಪ್ಪಿಕೊಂಡಾಗ ಗ್ರಾಹಕರು ಸಿಟ್ಟಿಗೆದ್ದದ್ದು ಇದೇ ಕಾರಣಕ್ಕೆ. ಕೊಳ್ಳುವ ಮೊದಲು ಮಾದರಿ ಸಂಖ್ಯೆ ನೋಡಿ, ಸಿಎಂಆರ್ ಎಂದು ಖಾತ್ರಿ ಮಾಡಿಕೊಳ್ಳಿ.

ಜೋಡಿ ಡಿಸ್ಕ್ ಇದ್ದರೂ ಅದು ಒಂದೇ ಹಗೇವು. ಸಿಡಿಲು ಬಿದ್ದರೆ ಎರಡೂ ಹೋಗುತ್ತವೆ. ಇನ್ನೊಂದು ಪ್ರತಿ ಸುರಪುರದ ಮಾವನ ಮನೆಯಲ್ಲೋ ಯಾದಗಿರಿಯ ಗೆಳೆಯನ ಮನೆಯಲ್ಲೋ ಇರಲಿ. ಹಬ್ಬಕ್ಕೆ ಹೋದಾಗ ಒಂದು ಡಿಸ್ಕ್ ಒಯ್ದು ಬದಲಿಸಿಕೊಂಡು ಬಂದರೂ ನಡೆಯುತ್ತದೆ.

ಬಿಸಿಲು, ಧೂಳು

ಬೇಸಿಗೆಯಲ್ಲಿ 42 ಡಿಗ್ರಿ ದಾಟುವುದು ನಮ್ಮ ಕಡೆ ಸುದ್ದಿಯೇ ಅಲ್ಲ. ಡೇಟಾ ಸೆಂಟರುಗಳಿಗೆ ಅಮೆರಿಕದ ಆಶ್ರೇ ಸಂಸ್ಥೆ ಸೂಚಿಸುವ ಉಷ್ಣಾಂಶ 18ರಿಂದ 27 ಡಿಗ್ರಿ. ಹಾಗೆಂದು ಎದೆಗುಂದಬೇಕಿಲ್ಲ. ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ ಗೂಗಲ್ ಎಂಜಿನಿಯರುಗಳು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಡಿಸ್ಕಿನ ಸಾವಿಗೂ ಬಿಸಿಗೂ ಎಲ್ಲರೂ ನಂಬಿದಷ್ಟು ನಂಟಿಲ್ಲವೆಂದು ತೋರಿಸಿತು. ಬಿಸಿಯ ಪೆಟ್ಟು ಎದ್ದು ಕಂಡದ್ದು ಅತಿ ಹೆಚ್ಚಿನ ಉಷ್ಣಾಂಶದಲ್ಲಿ, ಅದೂ ಮೂರು ವರ್ಷ ದಾಟಿದ ಡಿಸ್ಕುಗಳಲ್ಲಿ. ನಮ್ಮ ಮೇ ತಿಂಗಳು ಆ ಅತಿಯ ಕಡೆಗೇ ಬರುತ್ತದೆ: ಕೋಣೆ 38 ಇದ್ದರೆ ಪೆಟ್ಟಿಗೆಯೊಳಗಿನ ಡಿಸ್ಕು 48 ಮುಟ್ಟುವುದು ಕಷ್ಟವೇನಲ್ಲ. ಪಕ್ಕದಲ್ಲೇ ಗ್ರಾಫಿಕ್ಸ್ ಕಾರ್ಡು ಉರಿಯುತ್ತಿದ್ದರೆ ಇನ್ನೂ ಮೇಲೆ. ಆಟವನ್ನೂ ಡಿಸ್ಕನ್ನೂ ಬೇರೆ ಪೆಟ್ಟಿಗೆಯಲ್ಲಿಡಿ ಎನ್ನುವುದಕ್ಕೆ ಇದೂ ಕಾರಣ.

ಒಂದೇ ಪೆಟ್ಟಿಗೆಯಾದರೆ ಮುಂಬದಿಗೆ ಜಾಲರಿ ಇರುವುದನ್ನು ಆರಿಸಿ. ಮುಂದೆ ಗಾಜು ಹೊದ್ದು ಬಣ್ಣದ ದೀಪ ಹೊತ್ತ ಈಗಿನ ಪೆಟ್ಟಿಗೆಗಳಲ್ಲಿ ಗಾಳಿಗೂ ಜಾಗವಿಲ್ಲ, ಹಾರ್ಡ್ ಡಿಸ್ಕಿಗೂ ಜಾಗವಿಲ್ಲ. ಒಳಗೆ ಗಾಳಿ ನೂಕುವ ಫ್ಯಾನು ಹೊರಗೆ ಎಳೆಯುವವಕ್ಕಿಂತ ಒಂದು ಹೆಚ್ಚಿದ್ದರೆ, ಸಂದಿಗೊಂದಿಗಳಿಂದ ಧೂಳು ನುಗ್ಗುವುದು ತಪ್ಪುತ್ತದೆ. ಬರುವ ಗಾಳಿಯೆಲ್ಲ ಜಾಲರಿಯಲ್ಲಿ ಸೋಸಿ ಬರುತ್ತದೆ. ಎರೆಮಣ್ಣಿನ ಧೂಳು, ಹತ್ತಿಯ ಕಾಲದ ನವಿರು ಎಳೆ, ಇವೆರಡೂ ಸೇರಿದರೆ ಹೀಟ್‌ಸಿಂಕಿನ ಮೇಲೆ ಕಂಬಳಿಯೇ ಕೂರುತ್ತದೆ. ತಿಂಗಳಿಗೊಮ್ಮೆ ಜಾಲರಿ ತೊಳೆಯಿರಿ.

ಎಲ್ಲಿಡಬೇಕು? ಮೇಲುಮಹಡಿಯ ಆರ್‌ಸಿಸಿ ಕೋಣೆ ಬೇಡ. ದಪ್ಪ ಕಲ್ಲುಗೋಡೆಯ ಹಳೆಯ ಮನೆಯಿದ್ದವರು ಪುಣ್ಯವಂತರು. ಅದರ ನಡುಮನೆಗಿಂತ ಒಳ್ಳೆಯ ಜಾಗ ಸರ್ವರಿಗಿಲ್ಲ. ಆದರೆ ಗೋಡೆಯ ಗೂಡಿನಲ್ಲಿ ಒತ್ತರಿಸಬೇಡಿ, ಹಿಂದೆ ಗೇಣಗಲ ಜಾಗ ಬಿಡಿ.

ಕರೆಂಟ್ ಹೋಗುವ ಗಳಿಗೆ

ಪಕ್ಕದ ಜಿಲ್ಲೆಯ ಶಕ್ತಿನಗರದಲ್ಲಿ 1,720 ಮೆಗಾವಾಟಿನ ಸ್ಥಾವರವಿದೆ. ಅದರ ನೆರೆಯಲ್ಲೇ ಇದ್ದೂ ನಾವು ಗಾಳಿಮಳೆಗೆ ಕತ್ತಲಲ್ಲಿ ಕೂರುತ್ತೇವೆ, ಪಂಪ್‌ಸೆಟ್ ಓಡುವ ಹೊತ್ತಿಗೆ ಹಳ್ಳಿಗಳಲ್ಲಿ ವೋಲ್ಟೇಜ್ ಕುಸಿಯುವುದನ್ನು ನೋಡುತ್ತೇವೆ. ಈ ಅನ್ಯಾಯ ಸರಿಹೋಗುವವರೆಗೂ ಯಂತ್ರ ಉಳಿಸಿಕೊಳ್ಳಬೇಕಲ್ಲ.

ಮನೆಯಲ್ಲಿ ಇನ್ವರ್ಟರ್ ಇದೆ, ಸಾಕಲ್ಲ ಎನ್ನುತ್ತಾರೆ. ಕರೆಂಟ್ ಕಡಿದ ಮೇಲೆ ಕಂಪ್ಯೂಟರಿನ ಎಸ್‌ಎಂಪಿಎಸ್ ತನ್ನೊಳಗಿನ ದಮ್ಮಿನಲ್ಲಿ ತಾಳುವುದು ಪೂರ್ತಿ ಹೊರೆಯಲ್ಲಿ ಸುಮಾರು 16 ಮಿಲಿಸೆಕೆಂಡು. ಇನ್ವರ್ಟರ್ ಅಷ್ಟರೊಳಗೆ ಕೈಗೆತ್ತಿಕೊಳ್ಳಬೇಕು. ಅನೇಕ ಇನ್ವರ್ಟರುಗಳಲ್ಲಿ ‘ಯುಪಿಎಸ್’ ಮತ್ತು ‘ಇಕೊ’ ಎಂಬ ಆಯ್ಕೆಯ ಸ್ವಿಚ್ ಇರುತ್ತದೆ. ಇಕೊದಲ್ಲಿದ್ದರೆ ಫ್ಯಾನಿಗೆ ಗೊತ್ತೇ ಆಗದಷ್ಟು ತಡ ಕಂಪ್ಯೂಟರಿನ ಪ್ರಾಣ ತೆಗೆಯಲು ಸಾಕು. ಕೊಂಡ ದಿನದಿಂದ ಆ ಸ್ವಿಚ್ ಮುಟ್ಟದ ಮನೆಗಳೇ ಹೆಚ್ಚು.

ಸರ್ವರಿಗೆ ಪ್ರತ್ಯೇಕ ಯುಪಿಎಸ್ ಇರುವುದೇ ಕ್ಷೇಮ, ಅದರಲ್ಲೂ ಯುಎಸ್‌ಬಿ ಕೇಬಲ್ ಇರುವಂಥದ್ದು. ‘ಕರೆಂಟ್ ಹೋಗಿದೆ, ಬ್ಯಾಟರಿ ಇಷ್ಟೇ ಉಳಿದಿದೆ’ ಎಂದು ಅದು ಸರ್ವರಿಗೆ ತಿಳಿಸುತ್ತದೆ, ಸರ್ವರ್ ಕಡತಗಳನ್ನು ಮುಚ್ಚಿ ತಾನೇ ಮಲಗುತ್ತದೆ. ಸಾಮಾನ್ಯ 600 ವಿಎ ಯುಪಿಎಸ್ಸು ನಿಜದಲ್ಲಿ ಕೊಡುವುದು ಸುಮಾರು 360 ವಾಟ್. ಸಣ್ಣ ಸರ್ವರಿಗೆ ಅದು ಬೇಕಾದಷ್ಟಾಯಿತು. ಆಡುತ್ತಿರುವ ದೊಡ್ಡ ಯಂತ್ರವನ್ನು ಮಾನಿಟರ್ ಸಮೇತ ಅದಕ್ಕೆ ಹಾಕಿದರೆ ಹೊತ್ತು ನಿಲ್ಲದು. ಸೆಕೆಗೆ ಅದರ ಬ್ಯಾಟರಿಯೂ ಬೇಗ ಮುಪ್ಪಾಗುತ್ತದೆ: 25 ಡಿಗ್ರಿಯ ಮೇಲೆ ಪ್ರತಿ ಹತ್ತು ಡಿಗ್ರಿಗೆ ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನಿಂದ ನೋಡಿಸಿ. ಬೇಸಿಗೆಗೆ ಎರೆನೆಲ ಒಣಗಿ ಬಿರುಕು ಬಿಟ್ಟಾಗ ಅರ್ಥಿಂಗ್ ಗುಂಡಿಗೆ ಒಂದು ಕೊಡ ನೀರು ಹಾಕುವ ಹಿರಿಯರ ರೂಢಿ ಸುಳ್ಳಲ್ಲ.

ಎಲ್ಲ ಜೋಡಿಸಿದ ದಿನ ಎರಡು ಪರೀಕ್ಷೆ ಮಾಡಿ. ಸಾವಿರ ರೂಪಾಯಿ ಆಸುಪಾಸಿನಲ್ಲಿ ಸಿಗುವ ವಾಟ್ ಅಳೆಯುವ ಪ್ಲಗ್ಗನ್ನು ಗೋಡೆಗೂ ಯಂತ್ರಕ್ಕೂ ನಡುವೆ ಹಾಕಿ, ಒಂದು ಇಡೀ ರಾತ್ರಿ ಅದು ಎಷ್ಟು ತಿಂದಿತೆಂದು ಬರೆದಿಡಿ. ಮಾರನೆಯ ದಿನ, ಎಲ್ಲದರ ಇನ್ನೊಂದು ಪ್ರತಿ ಸುರಪುರ ಸೇರಿದ ಮೇಲೆ, ಯುಪಿಎಸ್ಸಿನ ತಂತಿಯನ್ನು ಗೋಡೆಯಿಂದ ಕಿತ್ತುಬಿಡಿ. ಕೈಗಡಿಯಾರ ನೋಡುತ್ತ ಕೂತಿರಿ. ಸರ್ವರ್ ತಾನೇ ಶಾಂತವಾಗಿ ಮಲಗಬೇಕು. ಪ್ಲಗ್ ಮತ್ತೆ ಹಾಕಿದಾಗ ಯಾರೂ ಮುಟ್ಟದೆ ಏಳಬೇಕು. ಆಮೇಲೆ ಪಡಸಾಲೆಯ ಟಿವಿಯಲ್ಲಿ ಅಜ್ಜನ ಪದ ಹಚ್ಚಿ ಕೇಳಿ.